ಹಾಸನದಲ್ಲಿ ಕಾರಿನ ಆಯಿಲ್ ಎಲ್ಲಿ ಬದಲಿಸಬೇಕು: ಜಾಗ ಆರಿಸುವ ಮುನ್ನ ನೋಡಬೇಕಾದ್ದು

ಕಾರಿನ ಇಂಜಿನ್ ಆಯಿಲ್ ಬದಲಿಸುವುದು ಹೆಚ್ಚೆಂದರೆ ಮುಕ್ಕಾಲು ಗಂಟೆಯ ಕೆಲಸ. ಹಳೆಯ ಆಯಿಲ್ ಇಳಿಸಬೇಕು, ಫಿಲ್ಟರ್ ಬದಲಿಸಬೇಕು, ಹೊಸ ಆಯಿಲ್ ಹಾಕಿ ಮಟ್ಟ ನೋಡಬೇಕು. ಆದರೆ ಆ ಕೆಲಸ ಸರಿಯಾಗಿ ಆಯಿತೋ ಇಲ್ಲವೋ ಎಂಬುದು ಮಾಲೀಕರಿಗೆ ಆ ದಿನ ಗೊತ್ತಾಗುವುದಿಲ್ಲ. ತಪ್ಪು ಗ್ರೇಡಿನ ಆಯಿಲ್ ಹಾಕಿದ್ದರೂ ಕಾರು ಅಂದು ಸುಸೂತ್ರವಾಗಿಯೇ ಓಡುತ್ತದೆ. ಪರಿಣಾಮ ಕಾಣಿಸುವುದು ಸಾವಿರಾರು ಕಿಲೋಮೀಟರ್ ಕಳೆದ ಮೇಲೆ, ಇಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಟರ್ಬೊ ಸದ್ದು ಮಾಡತೊಡಗಿದಾಗ ಅಥವಾ ಸೈಲೆನ್ಸರಿನಿಂದ ನೀಲಿ ಹೊಗೆ ಬಂದಾಗ. ಅಷ್ಟು ಹೊತ್ತಿಗೆ ಯಾರನ್ನು ಕೇಳಬೇಕೆಂಬುದೂ ಮರೆತಿರುತ್ತದೆ. ಆದ್ದರಿಂದ ಎಲ್ಲಿ ಬದಲಿಸಬೇಕು ಎಂದು ಯಾರೇ ಕೇಳಿದರೂ ನನ್ನ ಉತ್ತರ ಒಂದೇ: ಯಾವ ಆಯಿಲ್, ಎಷ್ಟು ಲೀಟರ್ ಹಾಕಿದರು ಎಂಬುದನ್ನು ನಿಮ್ಮ ಕಣ್ಣಿಗೆ ತೋರಿಸಿ, ಅದನ್ನೇ ಬಿಲ್ಲಿನಲ್ಲಿ ಬರೆದುಕೊಡುವ ಜಾಗದಲ್ಲಿ. ಅದು ಬಿ.ಎಂ. ರಸ್ತೆಯ ಶೋರೂಮ್ ಆಗಿರಬಹುದು, ತಗಡಿನ ಶೀಟಿನ ಕೆಳಗಿನ ಗ್ಯಾರೇಜೂ ಆಗಿರಬಹುದು.

ಮೊದಲು ನಿಮ್ಮ ಕಾರಿಗೆ ಬೇಕಾದದ್ದನ್ನು ತಿಳಿದುಕೊಳ್ಳಿ

ಜಾಗ ಹುಡುಕುವುದಕ್ಕಿಂತ ಮೊದಲು ಕಾರಿನ ಡ್ಯಾಶ್‌ಬೋರ್ಡಿನ ಪೆಟ್ಟಿಗೆಯಲ್ಲಿ ಬಿದ್ದಿರುವ ಮ್ಯಾನ್ಯುಯಲ್ ತೆಗೆದು ಮೂರು ಸಂಗತಿಗಳನ್ನು ಫೋನಿನಲ್ಲಿ ಬರೆದಿಟ್ಟುಕೊಳ್ಳಿ: ಆಯಿಲ್‌ನ ಗ್ರೇಡ್, ಅದು ಪೂರೈಸಬೇಕಾದ ಗುಣಮಟ್ಟದ ಸಂಕೇತ, ಫಿಲ್ಟರ್ ಸಹಿತ ಬದಲಿಸಿದಾಗ ಹಿಡಿಯುವ ಪ್ರಮಾಣ. ಈ ಮೂರು ಗೊತ್ತಿಲ್ಲದೆ ಹೋದರೆ ಎದುರಿನವರು ಹೇಳಿದ್ದೇ ವೇದವಾಗುತ್ತದೆ.

ಗ್ರೇಡ್ ಎಂದರೆ 0ಡಬ್ಲ್ಯೂ-20, 5ಡಬ್ಲ್ಯೂ-30, 15ಡಬ್ಲ್ಯೂ-40 ಎಂಬಂಥ ಗುರುತು. ಮೊದಲ ಸಂಖ್ಯೆ ತಣ್ಣಗಿರುವಾಗ ಆಯಿಲ್ ಎಷ್ಟು ಸಲೀಸಾಗಿ ಹರಿಯುತ್ತದೆ ಎಂಬುದನ್ನೂ, ಎರಡನೆಯದು ಇಂಜಿನ್ ಬಿಸಿಯಾದ ಮೇಲೆ ಅದು ಎಷ್ಟು ಮಂದವಾಗಿ ಉಳಿಯುತ್ತದೆ ಎಂಬುದನ್ನೂ ತಿಳಿಸುತ್ತವೆ. ಹಾಸನದ ಡಿಸೆಂಬರ್ ಮುಂಜಾನೆಯ ಚಳಿ ನಮಗೆ ನಡುಕ ಹುಟ್ಟಿಸಿದರೂ ಆಯಿಲ್‌ನ ಲೆಕ್ಕದಲ್ಲಿ ಅದು ಚಳಿಯೇ ಅಲ್ಲ. 15ಡಬ್ಲ್ಯೂ ಆಯಿಲ್‌ನ ಹರಿವನ್ನು ಪರೀಕ್ಷಿಸುವುದೇ ಸೊನ್ನೆಗಿಂತ 20 ಡಿಗ್ರಿ ಕೆಳಗೆ. ಹಾಗೆಂದು ಇಲ್ಲಿನ ಹವೆಗೆ ಯಾವುದಾದರೂ ನಡೆಯುತ್ತದೆ ಎಂದುಕೊಳ್ಳಬಾರದು, ಏಕೆಂದರೆ ಇಂಜಿನ್ ಕೆಲಸ ಮಾಡುವುದು ಎರಡನೆಯ ಸಂಖ್ಯೆಯ ಮೇಲೆ. ಈಚಿನ ಪೆಟ್ರೋಲ್ ಇಂಜಿನ್ನುಗಳಲ್ಲಿ ಆಯಿಲ್ ಹರಿಯುವ ದಾರಿಗಳು ಕಿರಿದಾಗಿರುತ್ತವೆ, ವಾಲ್ವಿನ ಸಮಯವನ್ನು ಹೊಂದಿಸುವ ವ್ಯವಸ್ಥೆಯೂ ಆಯಿಲ್‌ನ ಒತ್ತಡದಿಂದಲೇ ನಡೆಯುತ್ತದೆ. 0ಡಬ್ಲ್ಯೂ-20 ಕೇಳುವ ಅಂಥ ಇಂಜಿನ್ನಿಗೆ 15ಡಬ್ಲ್ಯೂ-40 ಸುರಿದರೆ ಮೈಲೇಜ್ ಇಳಿಯುತ್ತದೆ, ಸ್ಟಾರ್ಟ್ ಮಾಡಿದ ಕೂಡಲೇ ಮೇಲಿನ ಭಾಗಗಳಿಗೆ ಆಯಿಲ್ ತಲಪುವುದು ತಡವಾಗುತ್ತದೆ. ಹಳೆಯ ಡೀಸೆಲ್ ಜೀಪಿಗೆ ತೆಳು ಆಯಿಲ್ ಹಾಕುವುದೂ ಅಷ್ಟೇ ತಪ್ಪು.

ಗುಣಮಟ್ಟದ ಸಂಕೇತ ಡಬ್ಬದ ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿರುತ್ತದೆ. ಪೆಟ್ರೋಲ್ ಕಾರುಗಳಿಗೆ (ಅಮೆರಿಕದ ಪೆಟ್ರೋಲಿಯಂ ಸಂಸ್ಥೆಯ ಗುರುತಾದ) ಎಪಿಐ ಎಸ್‌ಎನ್, ಎಪಿಐ ಎಸ್‌ಪಿ ಎಂದಿರುವುದನ್ನು ನೋಡಬಹುದು; 2020ರಲ್ಲಿ ಬಂದ ಎಸ್‌ಪಿ ಟರ್ಬೊ ಪೆಟ್ರೋಲ್ ಇಂಜಿನ್ನುಗಳ ತೊಂದರೆಗಳನ್ನೂ ಟೈಮಿಂಗ್ ಚೈನಿನ ಸವೆತವನ್ನೂ ಗಮನದಲ್ಲಿಟ್ಟುಕೊಂಡು ರೂಪಿಸಿದ್ದು. 2020ರ ಏಪ್ರಿಲ್ 1ರಿಂದ ಬಿಎಸ್6 ಎಂಬ ಹೊಗೆ ನಿಯಂತ್ರಣದ ಮಾನದಂಡ ಜಾರಿಯಾದ ಮೇಲೆ ಬಂದ ಡೀಸೆಲ್ ಕಾರುಗಳಲ್ಲಿ ಹೊಗೆಯ ಮಸಿಯನ್ನು ಹಿಡಿದಿಡುವ ಡಿಪಿಎಫ್ ಎಂಬ ಫಿಲ್ಟರ್ ಇರುತ್ತದೆ. ಅವಕ್ಕೆ ಉರಿದಾಗ ಕಡಿಮೆ ಬೂದಿ ಬಿಡುವ ಆಯಿಲ್ಲೇ ಆಗಬೇಕು. ಯುರೋಪಿನ ಕಾರು ತಯಾರಕರ ಸಂಘವಾದ ಎಸಿಇಎಯ ಸಿ2, ಸಿ3 ಎಂಬ ಗುರುತುಗಳು ಅದಕ್ಕಾಗಿಯೇ ಇವೆ. ಮಾಮೂಲಿ ಡೀಸೆಲ್ ಆಯಿಲ್ ಹಾಕಿದರೆ ಅದರ ಬೂದಿ ಡಿಪಿಎಫ್‌ನಲ್ಲಿ ಕೂತು ಮತ್ತೆ ಹೋಗುವುದಿಲ್ಲ, ಆ ಭಾಗ ಬದಲಿಸುವ ವೆಚ್ಚ ಎಷ್ಟೋ ವರ್ಷಗಳ ಆಯಿಲ್ ಖರ್ಚನ್ನು ಮೀರುತ್ತದೆ. ನಿಮ್ಮದು ಬಿಎಸ್6 ಡೀಸೆಲ್ ಆಗಿದ್ದರೆ, ಗ್ಯಾರೇಜಿನವರಿಗೆ ಡಿಪಿಎಫ್ ಆಯಿಲ್ ಎಂದರೆ ಏನೆಂದು ಗೊತ್ತಿದೆಯೇ ಎಂಬುದೊಂದೇ ಪ್ರಶ್ನೆ ಸಾಕು, ಅಲ್ಲಿ ಗಾಡಿ ಬಿಡಬೇಕೋ ಬೇಡವೋ ಎಂದು ತೀರ್ಮಾನಿಸಲು.

ನಮ್ಮ ದಾರಿಗಳು ಕೇಳುವ ಲೆಕ್ಕವೇ ಬೇರೆ

ಬಹುತೇಕ ಕಂಪನಿಗಳು 10,000 ಕಿಲೋಮೀಟರ್ ಅಥವಾ ಒಂದು ವರ್ಷ, ಯಾವುದು ಮೊದಲೋ ಅದು ಎಂದು ಅವಧಿ ಹೇಳುತ್ತವೆ. ಕೆಲವು ಕಾರುಗಳಿಗೆ ಅದು 15,000ದವರೆಗೂ ಇದೆ. ಆದರೆ ಅದೇ ಮ್ಯಾನ್ಯುಯಲ್‌ನ ಇನ್ನೊಂದು ಪುಟದಲ್ಲಿ ಕಠಿಣ ಬಳಕೆ ಎಂಬ ಪಟ್ಟಿಯೊಂದಿರುತ್ತದೆ: ಸಣ್ಣ ಸಣ್ಣ ಓಡಾಟ, ಧೂಳಿನ ರಸ್ತೆ, ಘಟ್ಟದ ಏರು, ಭಾರ ಎಳೆಯುವುದು. ಹಾಸನ ಜಿಲ್ಲೆಯ ಪಶ್ಚಿಮದ ತಾಲ್ಲೂಕುಗಳ ಕಾರುಗಳು ಈ ಪಟ್ಟಿಯಲ್ಲಿ ಒಂದಕ್ಕಾದರೂ ಸೇರಿಯೇ ಸೇರುತ್ತವೆ.

ಸಕಲೇಶಪುರ, ಆಲೂರು, ಬೇಲೂರಿನ ಕಾಫಿ ತೋಟಗಳಲ್ಲಿರುವವರು ಮಳೆಗಾಲದಲ್ಲಿ ಪೇಟೆಗೆಂದು ನಾಲ್ಕೈದು ಕಿಲೋಮೀಟರ್ ಹೋಗಿ ಬರುತ್ತಾರೆ. ಆಯಿಲ್ ಪೂರ್ತಿ ಬಿಸಿಯಾಗುವ ಮೊದಲೇ ಕಾರು ನಿಂತಿರುತ್ತದೆ, ಇಂಧನ ಉರಿದಾಗ ಹುಟ್ಟಿದ ನೀರಾವಿ ಹೊರಹೋಗದೆ ಒಳಗೇ ಉಳಿಯುತ್ತದೆ. ಜುಲೈನಲ್ಲಿ ಬಾನೆಟ್ ತೆರೆದು ಆಯಿಲ್ ಹಾಕುವ ಮುಚ್ಚಳವನ್ನು ತಿರುಗಿಸಿ ನೋಡಿ. ಅದರ ಒಳಬದಿಯಲ್ಲಿ ಹಾಲಿನ ಕೆನೆಯಂಥ ಹಳದಿ ಮಿಶ್ರಿತ ಬಿಳಿ ಲೇಪ ಕಂಡರೆ ಅದು ಆ ನೀರೇ. ಒಂದು ತಾಸು ಹೆದ್ದಾರಿಯಲ್ಲಿ ಓಡಿಸಿದಾಗ ಅದು ಕರಗಿ ಹೋದರೆ ಚಿಂತೆಯಿಲ್ಲ. ಹೋಗದೆ, ಜತೆಗೆ ಇಂಜಿನ್ ತಂಪಾಗಿಸುವ ಕೂಲೆಂಟ್ ಕೂಡ ಇಳಿಯುತ್ತಿದ್ದರೆ, ಅದು ಆಯಿಲ್‌ಗೆ ಸೇರದಂತೆ ತಡೆಯುವ ಹೆಡ್ ಗ್ಯಾಸ್ಕೆಟ್ ನೋಡಿಸಬೇಕು. ಆಗ ಅದು ಆಯಿಲ್ ಚೇಂಜ್‌ನಿಂದ ಮುಗಿಯುವ ವಿಷಯವಲ್ಲ.

ಡಿಪಿಎಫ್ ಇರುವ ಡೀಸೆಲ್‌ಗಳಿಗೆ ಸಣ್ಣ ಓಡಾಟ ಇನ್ನೂ ಕೆಟ್ಟದ್ದು. ಶೇಖರವಾದ ಮಸಿಯನ್ನು ಸುಡಲು ಇಂಜಿನ್ ಹೆಚ್ಚಿನ ಡೀಸೆಲ್ ಚಿಮ್ಮಿಸುತ್ತದೆ, ಆ ಕೆಲಸ ನಡುವೆಯೇ ನಿಂತುಹೋದರೆ ಉರಿಯದ ಡೀಸೆಲ್‌ನ ಒಂದು ಪಾಲು ಸಿಲಿಂಡರಿನ ಗೋಡೆಗುಂಟ ಇಳಿದು ಕೆಳಗೆ ಆಯಿಲ್ ನಿಲ್ಲುವ ಚೇಂಬರಿಗೆ ಸೇರುತ್ತದೆ. ಮಟ್ಟ ನೋಡುವ ಕಡ್ಡಿಯಾದ ಡಿಪ್‌ಸ್ಟಿಕ್ಕಿನಲ್ಲಿ ಆಯಿಲ್ ತಾನಾಗಿಯೇ ಏರುತ್ತಿದ್ದರೆ ಸಂತೋಷಪಡುವಂತಿಲ್ಲ, ಅದು ತೆಳುವಾಗುತ್ತಿದೆ ಎಂದೇ ಅರ್ಥ. ಇಂಥ ಗಾಡಿಗೆ ವರ್ಷದ ಅವಧಿಯನ್ನು ಕಾಯದೆ ಮೊದಲೇ ಬದಲಿಸಬೇಕು, ವಾರಕ್ಕೊಮ್ಮೆಯಾದರೂ ಹಾಸನದವರೆಗೆ ಒಂದೇ ವೇಗದಲ್ಲಿ ಓಡಿಸಬೇಕು.

ಒಳ್ಳೆಯ ಜಾಗದ ಮೊದಲ ಗುರುತು ಇಲ್ಲಿಯೇ ಸಿಗುತ್ತದೆ. ಗಾಡಿ ಒಳಗೆ ಬಿಟ್ಟ ಕೂಡಲೇ “ಎಲ್ಲ ಗಾಡಿಗೂ ಇದೇ ಹಾಕೋದು ಸಾರ್, ಏನೂ ಆಗಲ್ಲ” ಎನ್ನುವವರಿಗಿಂತ, “ಎಷ್ಟು ಓಡಿದೆ ಅಣ್ಣ, ತೋಟದ ದಾರೀಲೇ ಜಾಸ್ತಿನಾ?” ಎಂದು ಕೇಳುವ ಮೆಕ್ಯಾನಿಕ್ ನಂಬಿಕೆಗೆ ಅರ್ಹರು.

ಶೋರೂಮೋ, ಗ್ಯಾರೇಜೋ

ವಾರಂಟಿ ಇರುವವರೆಗೆ ಕಂಪನಿಯ ಅಧಿಕೃತ ಸರ್ವೀಸ್ ಕೇಂದ್ರವೇ ಸರಿ. ಹೊರಗೆ ಸರ್ವೀಸ್ ಮಾಡಿಸಿದ ಮಾತ್ರಕ್ಕೆ ಇಡೀ ವಾರಂಟಿ ರದ್ದು ಎಂಬ ಸಾರಾಸಗಟು ಷರತ್ತು ಹಾಕುವಂತಿಲ್ಲವೆಂದು ಭಾರತೀಯ ಸ್ಪರ್ಧಾ ಆಯೋಗವು 2014ರ ಆಗಸ್ಟ್‌ನಲ್ಲಿ 14 ಕಾರು ಕಂಪನಿಗಳ ವಿರುದ್ಧ ನೀಡಿದ ಆದೇಶದಲ್ಲಿ ಹೇಳಿತ್ತು. ಆ ಆದೇಶ ಮುಂದೆ ಮೇಲ್ಮನವಿಗಳಿಗೂ ಹೋಯಿತು. ತತ್ವ ನಮ್ಮ ಪರವಾಗಿದ್ದರೂ, ಇಂಜಿನ್ ಕೆಟ್ಟು ನಿಂತಾಗ ಕಂಪನಿಯೊಂದಿಗೆ ವಾದ ಮಾಡುವ ಪಾಡು ಮಾಲೀಕರದೇ ಆಗುತ್ತದೆ. ಎರಡು ಮೂರು ಸರ್ವೀಸ್‌ಗಳಲ್ಲಿ ಉಳಿಯುವ ಹಣಕ್ಕಾಗಿ ಆ ಪಾಡನ್ನು ಮೈಮೇಲೆ ಎಳೆದುಕೊಳ್ಳುವುದು ಜಾಣತನವಲ್ಲ.

ಅಧಿಕೃತ ಕೇಂದ್ರದಲ್ಲಿ ಎಚ್ಚರ ಬೇಕಾದದ್ದು ಬೇರೆ ಕಡೆ. ಅಲ್ಲಿ ಆಯಿಲ್ ಸಾಮಾನ್ಯವಾಗಿ ದೊಡ್ಡ ಬ್ಯಾರಲ್‌ನಿಂದ ಅಳತೆಯ ಗನ್ ಮೂಲಕ ಬರುತ್ತದೆ. ಅದರಲ್ಲಿ ತಪ್ಪೇನಿಲ್ಲ, ಆದರೆ ಬಿಲ್ಲಿನಲ್ಲಿ ಬರೆದ ಲೀಟರ್ ಮ್ಯಾನ್ಯುಯಲ್‌ನಲ್ಲಿರುವುದಕ್ಕೆ ಹೊಂದುತ್ತದೆಯೇ ಎಂದು ನೋಡಿಕೊಳ್ಳಿ. ಸಣ್ಣ ಪೆಟ್ರೋಲ್ ಕಾರುಗಳು ಹಿಡಿಯುವುದು ಮೂರು, ಮೂರೂವರೆ ಲೀಟರಿನಷ್ಟು. ದೊಡ್ಡ ಡೀಸೆಲ್ ಗಾಡಿಗಳಿಗೆ ಐದಾರು ಲೀಟರ್ ಬೇಕಾಗುತ್ತದೆ. ಹೆಚ್ಚು ಬರೆದಿದ್ದರೆ ಮೆಲ್ಲನೆಯೇ ಕೇಳಿ, ಅಡ್ವೈಸರ್ ಬಹುಮಟ್ಟಿಗೆ ತಿದ್ದಿಕೊಡುತ್ತಾರೆ. ಜಾಬ್ ಕಾರ್ಡಿಗೆ ಸಹಿ ಹಾಕುವ ಮುನ್ನ ಅದರ ಮೇಲಿರುವ ಪ್ರತಿ ಸಾಲನ್ನೂ ಓದಬೇಕು. ಇಂಜಿನ್ ಫ್ಲಶ್ (ಒಳಭಾಗವನ್ನು ದ್ರವ ಹಾಕಿ ತೊಳೆಯುವುದು), ಆಯಿಲ್‌ಗೆ ಬೆರೆಸುವ ದ್ರವ, ಎಸಿ ಶುದ್ಧೀಕರಣ, ಥ್ರಾಟಲ್ ಕ್ಲೀನಿಂಗ್ ಮೊದಲಾದವು ಅಲ್ಲಿ ತಾವಾಗಿಯೇ ಬಂದು ಕುಳಿತಿರುತ್ತವೆ. ಮ್ಯಾನ್ಯುಯಲ್‌ನ ಆ ಕಿಲೋಮೀಟರಿನ ಸಾಲಿನಲ್ಲಿ ಇಲ್ಲದ್ದನ್ನು, ಕಾರಣ ಕೇಳಿ ಒಪ್ಪಿಗೆಯಾಗದಿದ್ದರೆ, ಹೊಡೆದುಹಾಕಿಸಿ. ಫ್ಲಶ್ ಬಗ್ಗೆಯಂತೂ ನಾನು ಖಂಡಿತವಾಗಿ ಹೇಳುತ್ತೇನೆ: ಸಕಾಲದಲ್ಲಿ ಆಯಿಲ್ ಬದಲಿಸಿಕೊಂಡು ಬಂದ ಇಂಜಿನ್ನಿಗೆ ಅದರ ಅಗತ್ಯವಿಲ್ಲ.

ಪೆಟ್ರೋಲ್ ಬಂಕಿನ ಆಯಿಲ್ ಚೇಂಜ್ ಸೌಲಭ್ಯ ಕೆಲವೆಡೆ ಇದೆ. ಅಸಲಿ ಆಯಿಲ್ ಸಿಗುತ್ತದೆ ಎಂಬುದು ಅದರ ಅನುಕೂಲ. ನಿಮ್ಮ ಕಾರಿನ ಫಿಲ್ಟರ್ ಅಲ್ಲಿ ಇರುವುದು ಅಪರೂಪ. ಫಿಲ್ಟರ್ ಬದಲಿಸದೆ ಆಯಿಲ್ ಮಾತ್ರ ಬದಲಿಸುವುದಕ್ಕೆ ಒಪ್ಪಬೇಡಿ.

ವಾರಂಟಿ ಮುಗಿದ ಮೇಲೆ, ನನ್ನ ಮಟ್ಟಿಗೆ, ಊರಿನ ಒಳ್ಳೆಯ ಗ್ಯಾರೇಜು ಎಲ್ಲಕ್ಕಿಂತ ಮಿಗಿಲು. ಅಲ್ಲಿ ಗಾಡಿಯ ಕೆಳಗೆ ಇಳಿದವರೊಂದಿಗೇ ಮಾತನಾಡಬಹುದು. ಬೇರೆ ಏನಾದರೂ ಸೋರುತ್ತಿದ್ದರೆ, ರಬ್ಬರ್ ಬೂಟ್ ಹರಿದಿದ್ದರೆ ಅವರೇ ಕರೆದು ಕೈ ಮಾಡಿ ತೋರಿಸುತ್ತಾರೆ. ಆದರೆ ಒಳ್ಳೆಯದು ಯಾವುದೆಂದು ತಿಳಿಯುವುದು ಬೋರ್ಡಿನಿಂದಲ್ಲ, ಕೆಲಸ ನೋಡಿ. ಮೊದಲ ಸಲ ಗಾಡಿ ಬಿಟ್ಟು ಹೋಗದೆ ಅಲ್ಲಿಯೇ ನಿಲ್ಲಿ. ನಿಲ್ಲಲು ಬಿಡದ ಗ್ಯಾರೇಜಿಗೆ ಎರಡನೆಯ ಸಲ ಹೋಗುವ ಅಗತ್ಯವಿಲ್ಲ.

ನಿಂತು ನೋಡುವಾಗ

ಸಕಲೇಶಪುರದಿಂದಲೋ ಅರಸೀಕೆರೆಯಿಂದಲೋ ಬಂದವರ ಇಂಜಿನ್ ಬಿಸಿಯಾಗಿರುತ್ತದೆ. ಊರೊಳಗಿನವರು ಸ್ವಲ್ಪ ದೂರ ಓಡಿಸಿಕೊಂಡು ಬಂದರೆ ಒಳ್ಳೆಯದು, ಬೆಚ್ಚಗಿನ ಆಯಿಲ್ ಕೊಳೆಯನ್ನೂ ಜತೆಗೆ ಹೊತ್ತು ಇಳಿಯುತ್ತದೆ. ಗಾಡಿ ಸಮತಟ್ಟಾಗಿ ನಿಂತಿದೆಯೇ ನೋಡಿ. ಚೇಂಬರ್ ಬೋಲ್ಟ್ ಬಿಚ್ಚಿದ ಮೇಲೆ ಮೊದಲು ಧಾರೆಯಾಗಿ ಬರುತ್ತದೆ, ಆಮೇಲೆ ತೆಳ್ಳಗಾಗುತ್ತದೆ, ಕೊನೆಗೆ ತೊಟ್ಟಿಕ್ಕುತ್ತದೆ. ತೊಟ್ಟಿಕ್ಕುವುದು ನಿಲ್ಲುವವರೆಗೆ ಕಾಯುವವರೂ ಇದ್ದಾರೆ, ಧಾರೆ ತೆಳ್ಳಗಾದ ಕೂಡಲೇ ಬೋಲ್ಟ್ ಹಾಕುವವರೂ ಇದ್ದಾರೆ. ಕಾಯದೆ ಹೋದರೆ ಕೊಳೆ ಹೆಚ್ಚಿರುವ ಕೊನೆಯ ಪಾಲು ಒಳಗೇ ಉಳಿದು ಹೊಸದರೊಂದಿಗೆ ಬೆರೆಯುತ್ತದೆ.

ಬೋಲ್ಟಿಗೆ ಒಂದು ತೆಳುವಾದ ವಾಷರ್ ಇರುತ್ತದೆ, ತಾಮ್ರದ್ದೋ ಅಲ್ಯೂಮಿನಿಯಂನದೋ. ಅದು ಒತ್ತಡಕ್ಕೆ ಚಪ್ಪಟೆಯಾಗಿ ಸೋರಿಕೆ ತಡೆಯುವ ವಸ್ತುವಾದ್ದರಿಂದ ಹೊಸದನ್ನೇ ಹಾಕಬೇಕು. ಬೆಲೆ ತೀರ ಅಲ್ಪ. ಹಳೆಯ ವಾಷರ್ ಹಾಕಿ, ಸೋರಬಾರದೆಂದು ಬೋಲ್ಟನ್ನು ಬಲವಾಗಿ ಬಿಗಿಯುವುದರಿಂದಲೇ ಚೇಂಬರಿನ ಥ್ರೆಡ್ ಹೋಗುವುದು. ಅಲ್ಯೂಮಿನಿಯಂ ಚೇಂಬರ್ ಇರುವ ಕಾರುಗಳಲ್ಲಿ ಈ ಅಪಾಯ ಹೆಚ್ಚು. ಬೇಕಾದಷ್ಟೇ ಅಳೆದು ಬಿಗಿಯಲು ಬರುವ ಟಾರ್ಕ್ ರೆಂಚ್ ಹಿಡಿದು ಕೆಲಸ ಮಾಡುವ ಮೆಕ್ಯಾನಿಕ್ ಸಿಕ್ಕರೆ ಅವರ ಫೋನ್ ನಂಬರ್ ಬರೆದಿಟ್ಟುಕೊಳ್ಳಿ. ಗಾಳಿಯ ಗನ್ನಿನಿಂದ ಆ ಬೋಲ್ಟ್ ಬಿಗಿಯುವುದನ್ನು ಕಂಡರೆ ಆಗಲೇ ತಡೆಯಿರಿ.

ಕೆಲಸದ ಶ್ರದ್ಧೆ ಅತ್ಯಂತ ಸ್ಪಷ್ಟವಾಗಿ ಕಾಣುವುದು ಫಿಲ್ಟರ್ ಬದಲಿಸುವಾಗ. ಡಬ್ಬಿಯಾಕಾರದ ಫಿಲ್ಟರನ್ನು ತಿರುಗಿಸಿ ತೆಗೆದಾಗ ಅದರ ಬಾಯಿಯ ರಬ್ಬರ್ ರಿಂಗ್ ಕೆಲವೊಮ್ಮೆ ಇಂಜಿನ್ನಿಗೇ ಅಂಟಿಕೊಂಡು ಉಳಿಯುತ್ತದೆ. ಅದನ್ನು ನೋಡದೆ ಹೊಸ ಫಿಲ್ಟರ್ ಕೂರಿಸಿದರೆ ಎರಡು ರಿಂಗ್ ಒಂದರ ಮೇಲೊಂದು ಕುಳಿತು, ಒತ್ತಡ ಏರಿದಾಗ ಜಾರಿ, ಶಿರಾಡಿಯ ಏರಿನಲ್ಲಿ ಎಲ್ಲ ಆಯಿಲ್ ರಸ್ತೆಗೆ ಸುರಿದುಹೋಗಬಹುದು. ಒಳ್ಳೆಯ ಕೆಲಸಗಾರರು ತೆಗೆದ ಫಿಲ್ಟರಿನ ಬಾಯಿಯನ್ನು ತಿರುಗಿಸಿ ರಿಂಗ್ ಬಂದಿದೆಯೇ ಎಂದು ನೋಡುತ್ತಾರೆ, ಇಂಜಿನ್ ಕಡೆಯ ಜಾಗವನ್ನು ಬಟ್ಟೆಯಿಂದ ಒರೆಸುತ್ತಾರೆ, ಬೆರಳಿಗೆ ಒಂದಿಷ್ಟು ಹೊಸ ಆಯಿಲ್ ಮುಟ್ಟಿಸಿ ಹೊಸ ರಿಂಗಿಗೆ ಸುತ್ತ ಸವರುತ್ತಾರೆ, ನಂತರ ಕೈಯಿಂದಲೇ ತಿರುಗಿಸಿ, ರಿಂಗ್ ತಾಗಿದ ಮೇಲೆ ಸುಮಾರು ಮುಕ್ಕಾಲು ಸುತ್ತು ಬಿಗಿದು ನಿಲ್ಲಿಸುತ್ತಾರೆ. ಇಷ್ಟನ್ನೂ ಯಾರೂ ಹೇಳದೆಯೇ ಮಾಡುವವರು ಕಂಡರೆ ಬೇರೆ ಪ್ರಶ್ನೆಯೇ ಬೇಡ, ನಿಮ್ಮ ಗ್ಯಾರೇಜು ಸಿಕ್ಕಿತು.

ಹೊಸ ಆಯಿಲ್ ಡಬ್ಬದ ಸೀಲನ್ನು ನಿಮ್ಮೆದುರು ಒಡೆಯಬೇಕು. ಹೆಸರಿಲ್ಲದ ಕ್ಯಾನಿನಿಂದ ಲೂಸ್ ಆಯಿಲ್ ಹಾಕುವುದು ಬೇಡ. ನಕಲಿ ಆಯಿಲ್‌ನ ಹಾವಳಿ ಇರುವುದರಿಂದ, ಡಬ್ಬದ ಮುಚ್ಚಳದ ಉಂಗುರ ಮುರಿದಿಲ್ಲವೇ, ಬ್ಯಾಚ್ ನಂಬರ್ ಅಳಿಸಿಲ್ಲವೇ ಎಂದು ನೋಡಿ. ಕ್ಯೂಆರ್ ಕೋಡ್ ಇದ್ದರೆ ಫೋನಿನಲ್ಲಿ ಪರೀಕ್ಷಿಸಿ. ಸಂಶಯ ಇರುವವರು ಕಂಪನಿಯ ಅಧಿಕೃತ ಡೀಲರಿಂದ ಆಯಿಲ್, ಅಸಲಿ ಫಿಲ್ಟರ್, ವಾಷರ್ ಮೂರನ್ನೂ ಬಿಲ್ ಸಹಿತ ತಾವೇ ಕೊಂಡು ಹೋಗಿ ಕೂಲಿ ಮಾತ್ರ ಕೊಡಬಹುದು. ಇದಕ್ಕೆ ಮುಖ ಸಿಂಡರಿಸುವ ಗ್ಯಾರೇಜುಗಳಿವೆ. ಆಯಿಲ್ ಮಾರಾಟದಲ್ಲಿ ಅವರಿಗೂ ಒಂದಿಷ್ಟು ಲಾಭವಿರುತ್ತದೆ, ಅದನ್ನು ತಪ್ಪೆನ್ನಲಾಗದು. ಕೂಲಿಯನ್ನು ಸ್ವಲ್ಪ ಹೆಚ್ಚು ಕೊಡುತ್ತೇನೆಂದು ಮೊದಲೇ ಮಾತಾಡಿಕೊಂಡರೆ ಮನಸ್ತಾಪ ಬರುವುದಿಲ್ಲ. ಡಬ್ಬದಲ್ಲಿ ಉಳಿದ ಆಯಿಲ್ ನಿಮ್ಮದು, ಟಾಪ್ ಅಪ್‌ಗೆ ಮನೆಗೆ ತನ್ನಿ. ಖಾಲಿ ಡಬ್ಬ ನಕಲಿ ಮಾಡುವವರ ಕೈ ಸೇರದಂತೆ ಅದಕ್ಕೊಂದು ತೂತು ಕೊರೆಯಿಸಿ.

ಆಯಿಲ್ ಹಾಕಿದ ಬಳಿಕ ಇಂಜಿನ್ ಸ್ಟಾರ್ಟ್ ಮಾಡಿ, ಡ್ಯಾಶ್‌ಬೋರ್ಡಿನಲ್ಲಿ ಆಯಿಲ್ ಒತ್ತಡದ ಕೆಂಪು ದೀಪ ಆರಿದ್ದನ್ನು ಖಚಿತಪಡಿಸಿಕೊಂಡು, ನಿಲ್ಲಿಸಿ ಐದಾರು ನಿಮಿಷ ಬಿಟ್ಟು ಡಿಪ್‌ಸ್ಟಿಕ್ ನೋಡಬೇಕು. ಮಟ್ಟ ಎರಡು ಗುರುತುಗಳ ನಡುವೆ, ಮೇಲಿನದಕ್ಕೆ ಹತ್ತಿರವಿರಲಿ, ಆದರೆ ದಾಟಬಾರದು. ಹೆಚ್ಚಾದರೆ ಇಂಜಿನ್ನಿನೊಳಗೆ ತಿರುಗುವ ಕ್ರ್ಯಾಂಕ್‌ಶಾಫ್ಟ್ ಅದನ್ನು ಕಡೆದು ನೊರೆ ಎಬ್ಬಿಸುತ್ತದೆ, ನೊರೆಗೆ ಇಂಜಿನ್ನನ್ನು ಕಾಪಾಡುವ ಶಕ್ತಿಯಿಲ್ಲ. “ಸ್ವಲ್ಪ ಜಾಸ್ತಿ ಇದ್ದರೆ ಒಳ್ಳೇದೇ” ಎಂಬ ಮಾತನ್ನು ಒಪ್ಪಬೇಡಿ, ಹೆಚ್ಚಾದದ್ದನ್ನು ತೆಗೆಸಿ. ಡೀಸೆಲ್ ಗಾಡಿಯಲ್ಲಿ ಹೊಸ ಆಯಿಲ್ ಸ್ವಲ್ಪ ದಿನದಲ್ಲೇ ಕಪ್ಪಾಗುವುದು ಸಹಜ. ಅದು ಮೋಸದ ಲಕ್ಷಣವಲ್ಲ, ಮಸಿಯನ್ನು ತನ್ನೊಳಗೆ ಹಿಡಿದುಕೊಳ್ಳುವುದು ಆಯಿಲ್‌ನ ಕೆಲಸವೇ.

ಯಾವಾಗ ಹೋಗಬೇಕು, ಹಳೆಯ ಆಯಿಲ್ ಏನಾಗುತ್ತದೆ

ಆಯುಧಪೂಜೆಯ ಹಿಂದಿನ ವಾರ ಯಾವ ಗ್ಯಾರೇಜಿಗೂ ಪುರುಸೊತ್ತು ಇರುವುದಿಲ್ಲ. ಅದರ ಬೆನ್ನಿಗೇ ಹಾಸನಾಂಬೆಯ ಬಾಗಿಲು ತೆರೆದರೆ ಊರಿನೊಳಗೆ ಗಾಡಿ ಆಡಿಸುವುದೇ ಕಷ್ಟ. ಅವಸರದ ದಿನಗಳಲ್ಲಿ ತೊಟ್ಟಿಕ್ಕುವವರೆಗೆ ಕಾಯುವ ವ್ಯವಧಾನ ಯಾರಿಗೂ ಇರದು, ಆದ್ದರಿಂದ ಮಳೆಗಾಲಕ್ಕೆ ಮುಂಚೆ ಅಥವಾ ದಸರೆಗೆ ಒಂದು ತಿಂಗಳು ಮುಂಚೆ, ವಾರದ ನಡುವಿನ ಬೆಳಗ್ಗೆ ಹೋಗಿ.

ಇಳಿಸಿದ ಆಯಿಲ್ ಎಲ್ಲಿಗೆ ಹೋಗುತ್ತದೆಂದು ಕೇಳುವುದೂ ಜಾಗ ಆರಿಸುವುದರ ಭಾಗವೇ. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಪ್ರಕಾರ ಬಳಸಿದ ಆಯಿಲನ್ನು ಕೂಡಿಟ್ಟು ಅಧಿಕೃತ ಸಂಸ್ಕರಣಾ ಘಟಕಗಳಿಗೆ ಕಳಿಸಬೇಕು. ಮುಚ್ಚಳವಿರುವ ಡ್ರಮ್ಮಿನಲ್ಲಿ ಶೇಖರಿಸುವ ಗ್ಯಾರೇಜು ಬೇರೆ ಕೆಲಸದಲ್ಲೂ ಶಿಸ್ತು ಇಟ್ಟುಕೊಂಡಿರುತ್ತದೆ. ಚರಂಡಿಗೆ ಬಿಟ್ಟದ್ದು ಮಳೆನೀರಿನೊಂದಿಗೆ ಕೆರೆ, ಹಳ್ಳ ದಾಟಿ ಯಗಚಿ, ಹೇಮಾವತಿಗಳನ್ನೇ ಸೇರುತ್ತದೆ. ಬೇಲಿಕಂಬಕ್ಕೆ ಗೆದ್ದಲು ಹಿಡಿಯದಿರಲೆಂದು ಹಳೆಯ ಆಯಿಲ್ ಕೇಳಿ ತರುವ ರೂಢಿ ಮಲೆನಾಡಿನಲ್ಲಿದೆ. ಇಂಜಿನ್ ಸವೆತದ ಲೋಹಗಳು, ಅರೆಬೆಂದ ಇಂಧನದ ವಿಷಗಳು ಅದರಲ್ಲಿರುವುದರಿಂದ ತೋಟದ ಬಾವಿ, ಕೆರೆಗಳ ಹತ್ತಿರ ಅದನ್ನು ಬಳಸಬೇಡಿ ಎಂದು ಬೇಡಿಕೊಳ್ಳುತ್ತೇನೆ.

ಹೊರಡುವ ಮುನ್ನ ಬಿಲ್ ಪಡೆಯಿರಿ. ಅದರಲ್ಲಿ ದಿನಾಂಕ, ಕಿಲೋಮೀಟರ್, ಆಯಿಲ್‌ನ ಬ್ರಾಂಡ್ ಮತ್ತು ಗ್ರೇಡ್, ಲೀಟರ್, ಫಿಲ್ಟರಿನ ಪಾರ್ಟ್ ನಂಬರ್ ಇರಬೇಕು. ಸಣ್ಣ ಗ್ಯಾರೇಜಿನ ಬಿಳಿ ಚೀಟಿಯಾದರೂ ಸರಿಯೇ, ಸಹಿ ಇರಲಿ. ಮರುದಿನ ಬೆಳಗ್ಗೆ ಗಾಡಿ ತೆಗೆಯುವ ಮೊದಲು ಕೆಳಗೆ ಹನಿ ಬಿದ್ದಿದೆಯೇ ಎಂದು ಬಗ್ಗಿ ನೋಡಿ, ನೂರಿನ್ನೂರು ಕಿಲೋಮೀಟರ್ ಆದ ಮೇಲೆ ಇನ್ನೊಮ್ಮೆ ಡಿಪ್‌ಸ್ಟಿಕ್ ಎಳೆದು ನೋಡಿ. ಸೋರಿಕೆ ಕಂಡರೆ ಬೇರೆಯವರ ಕೈಗೆ ಕೊಡುವ ಮೊದಲು ಫೋಟೊ ತೆಗೆದು, ಕೆಲಸ ಮಾಡಿದವರಲ್ಲಿಗೇ ಬಿಲ್ ಸಹಿತ ಹೋಗಿ. ಕೆಂಪು ದೀಪ ಉರಿದರೆ ಮಾತ್ರ ಒಂದು ಮೀಟರೂ ಓಡಿಸದೆ ಇಂಜಿನ್ ನಿಲ್ಲಿಸಿ ಅವರನ್ನೇ ಕರೆಸಿ. ಸರಿಪಡಿಸಲು ಒಪ್ಪದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಬಹುದು, ಅಲ್ಲಿಯೂ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕರ ಆಯೋಗವಿದೆ. ಎರಡೂ ಕಡೆ ಮೊದಲು ಬೇಕಾಗುವುದು ಆ ಬಿಲ್ಲೇ.